ನಾಯಿ ನೋಡಿದ ಕಡೆ

ಒಂದು ಊರಿನಲ್ಲಿ ಒಬ್ಬ ತಾಯಿ, ಅವಳಿಗೊಬ್ಬ ಪೆದ್ದ ಮಗ. ಕತೆಗೆ ಇಷ್ಟೇ ಸಾಕಿತ್ತು. ಆದರೆ ಆ ಮನೆಯಲ್ಲಿ ಒಂದು ನಾಯಿಯೂ ಇತ್ತು.

ತಾಯಿ ದುರುಗವ್ವ. ಮಗ ತಿಪ್ಪೇಶಿ. ನಾಯಿ ಬೂದ. ಮೂವರಲ್ಲಿ ಬುದ್ಧಿ ಯಾರಿಗೆ ಹೆಚ್ಚು ಎಂದು ಓಣಿಯಲ್ಲಿ ಕೇಳಿದರೆ ಜನ ನಾಯಿಗೆ ಎನ್ನುತ್ತಿದ್ದರು. ದುರುಗವ್ವನಿಗೆ ಇದು ಗೊತ್ತಿತ್ತು. ಬೇಸರವೇನೂ ಇರಲಿಲ್ಲ. ಅವಳ ಅಭಿಪ್ರಾಯದಲ್ಲೂ ನಾಯಿಯೇ ಮುಂದು, ತಾನು ಎರಡನೆಯವಳು.

ತಿಪ್ಪೇಶಿ ಹುಡುಗನಲ್ಲ. ಮೀಸೆಯಲ್ಲಿ ಅಲ್ಲೊಂದು ಇಲ್ಲೊಂದು ಬಿಳಿ ಕೂದಲು ಬಂದಿದ್ದ ಗಂಡಸು. ಅವನ ತೊಂದರೆ ಒಂದೇ: ಹೇಳಿದ್ದನ್ನು ಹೇಳಿದ ಹಾಗೆ ಮಾಡುತ್ತಿದ್ದ. ಜಗತ್ತು ನಡೆಯುತ್ತಿರುವುದೇ ಹಾಗೆ ಮಾಡದವರಿಂದ ಎಂಬುದನ್ನು ಅವನಿಗೆ ಯಾರೂ ಹೇಳಿರಲಿಲ್ಲ. ಹಾಲು ನೋಡ್ತಿರು ಎಂದರೆ ನೋಡುತ್ತಿದ್ದ. ಹಾಲು ಉಕ್ಕಿತು, ಒಲೆ ಆರಿತು, ಮನೆಯೆಲ್ಲ ಗ್ಯಾಸಿನ ವಾಸನೆ ಹಬ್ಬಿತು. ಅವನು ನೋಡುತ್ತಲೇ ಇದ್ದ.

ದುರುಗವ್ವನ ಗಂಡ ಇದ್ದಾಗ ಪ್ರತಿ ಸಂಜೆ ಬೂದನನ್ನು ಕಟ್ಟಿಕೊಂಡು ಊರಿನ ಪಾರ್ಕುಗಳನ್ನು ಸುತ್ತುತ್ತಿದ್ದ. ಇವತ್ತು ಒಂದು ಪಾರ್ಕು, ನಾಳೆ ಇನ್ನೊಂದು. ಬರುವಾಗ ಆ ಪಾರ್ಕಿನ ಮುಂದೆ ಏನು ಸಿಗುತ್ತದೋ ಅದನ್ನು ಕಟ್ಟಿಸಿಕೊಂಡು ಬರುತ್ತಿದ್ದ. ಒಂದು ಕಡೆ ಮಂಡಕ್ಕಿ, ಒಂದು ಕಡೆ ಬೆಣ್ಣೆದೋಸೆ, ಒಂದು ಕಡೆ ಬಿಸಿಬಿಸಿ ಮೆಣಸಿನಕಾಯಿ ಬಜ್ಜಿ. ಅವನು ತೀರಿಕೊಂಡ ಮೇಲೆ ಎಲ್ಲ ನಿಂತಿತು. ದುರುಗವ್ವನ ಮೊಣಕಾಲು ಹಿಡಿದುಕೊಂಡವು. ಬೂದ ರೊಟ್ಟಿ ತಿಂದು ದಿಂಬಿನ ಹಾಗಾದ. ದನದ ಡಾಕ್ಟರು ನಾಯಿಯನ್ನು ಎತ್ತಲು ಹೋಗಿ ಎತ್ತಲಾರದೆ, ದಿನಾ ತಿರುಗಾಡಿಸಿ, ಇಲ್ಲವಾದರೆ ಉಳಿಯಲ್ಲ ಎಂದರು.

ಹಾಗಾಗಿ ದುರುಗವ್ವ ಮಗನನ್ನು ಕಳಿಸಿದಳು ಎಂದು ಓಣಿಯವರು ತಿಳಿದರು. ನಿಜ ಬೇರೆ ಇತ್ತು. ತಿಪ್ಪೇಶಿ ಒಬ್ಬನೇ ಓಣಿ ದಾಟಿದವನಲ್ಲ. ತಾನು ಕಣ್ಣು ಮುಚ್ಚಿದ ಮೇಲೆ ಅವನು ಹೊರಗೆ ಹೋಗಲೇಬೇಕಾಗುತ್ತದೆ. ಹೋದರೆ ಹೋಗಲಿ, ಹೋದವನು ಮನೆಗೆ ವಾಪಸ್ ಬರಬೇಕು. ಅಷ್ಟು ಕಲಿತರೆ ಸಾಕು, ಉಳಿದ ಬುದ್ಧಿ ಯಾರಿಗೆ ಬೇಕು. ಹೋದವನು ಬರಬೇಕು. ಅವಳು ಬೇಡಿಕೊಳ್ಳುತ್ತಿದ್ದದ್ದು ಇದೊಂದನ್ನೇ.

ಮೊದಲ ಸಂಜೆ ಅವನ ಕೈಗೆ ಹಗ್ಗ ಸುತ್ತಿ, ದೊಡ್ಡ ಪಾರ್ಕಿಗೆ ಹೋಗಿ ಒಂದು ಸುತ್ತು ಹಾಕಿ ಮಸ್ತಾನ್ ಸಾಬರ ಅಂಗಡಿಯಿಂದ ಮಂಡಕ್ಕಿ ತಗೊಂಡು ಬಾ ಎಂದಳು. "ಏನಾದ್ರೂ ಆಗ್ಲಿ, ಹಗ್ಗ ಮಾತ್ರ ಬಿಡಬೇಡ."

ಸ್ವಲ್ಪ ಹೊತ್ತಿಗೆ ಬೂದ ಒಬ್ಬನೇ ಬಂದ. ಬಂದವನೇ ರೊಟ್ಟಿ ಬುಟ್ಟಿಯ ಹತ್ತಿರ ಮಲಗಿದ. ದುರುಗವ್ವ ಬಾಗಿಲಲ್ಲೇ ನಿಂತಳು. ಕೊನೆಗೆ ತಿಪ್ಪೇಶಿ ಕಾಣಿಸಿದ. ಎರಡೂ ಕೈಯಲ್ಲಿ ಹಗ್ಗ, ಹಗ್ಗದ ತುದಿಯಲ್ಲಿ ಖಾಲಿ ಕೊರಳಪಟ್ಟಿ, ಹಲ್ಲಿನಲ್ಲಿ ಕಚ್ಚಿಕೊಂಡ ಮಂಡಕ್ಕಿ ಪೊಟ್ಟಣ. ಪೊಟ್ಟಣ ದಾರಿಯುದ್ದಕ್ಕೂ ಸೋರಿತ್ತು. ಓಣಿಯ ಕೋಳಿಗಳು ಅವನ ಹಿಂದೆ ಮೆರವಣಿಗೆ ಬಂದಿದ್ದವು.

ನಾಯಿ ತಪ್ಪಿಸಿಕೊಂಡಿದ್ದು ಗೊತ್ತಾಗಲಿಲ್ಲವೇನೋ ಎಂದು ಕೇಳಿದಳು. ಗೊತ್ತಾಯಿತು, ಓಡಿಹೋಗಿದ್ದನ್ನು ಕಣ್ಣಾರೆ ನೋಡಿದೆ, ಆದರೆ ಹಗ್ಗ ಬಿಡಲಿಲ್ಲ ಎಂದ.

"ಹಗ್ಗ ತಗೊಂಡು ಏನ್ ಮಾಡ್ಲೋ, ಮಂಗ್ಯಾ. ಹಗ್ಗ ಅಲ್ಲ, ನಾಯಿ ಮುಖ್ಯ. ನಾಯಿ ಹೋದ ಕಡೆ ಹೋಗು. ನಾಯಿ ನೋಡಿದ ಕಡೆ ನೋಡು. ಅದರ ಮೇಲಿಂದ ಕಣ್ಣು ತೆಗೀಬೇಡ."

ಆಯ್ತವ್ವ ಎಂದ ತಿಪ್ಪೇಶಿ. ಅವನು ಯಾವಾಗಲೂ ಆಯ್ತವ್ವ ಎನ್ನುತ್ತಿದ್ದ. ದುರುಗವ್ವನಿಗೆ ಹೆದರಿಕೆಯಾಗುತ್ತಿದ್ದದ್ದೇ ಆ ಮಾತಿಗೆ.

ಮರುದಿನ ಬೆಣ್ಣೆದೋಸೆಯ ಕಡೆ ಕಳಿಸಿದಳು. ಅವನು ಬರುವಾಗ ಅಂಗಿಯ ತುಂಬ ಕೆಸರು, ಮೊಣಕೈ ತರಚಿತ್ತು, ತಲೆಯಲ್ಲಿ ಜೇಡರ ಬಲೆ. ಬಚ್ಚಲಿಗೆ ಎಳೆದುಕೊಂಡು ಹೋಗಿ ನೀರು ಹೊಯ್ಯುತ್ತಾ ವಿಚಾರಿಸಿದಳು. ಬೂದ ಹೋಟೆಲಿನ ಟೇಬಲ್ ಕೆಳಗೆ ಹೋಯಿತು, ತಾನೂ ಹೋದೆ. ಅಲ್ಲಿ ಒಬ್ಬರು ಕಾಲು ಮೇಲೆತ್ತಿಕೊಂಡು ಕೂಗಿದರು. ಬೂದ ಮೋರಿಗೆ ಇಳಿಯಿತು, ತಾನೂ ಇಳಿದೆ. ಬೂದ ಲೈಟು ಕಂಬದ ಹತ್ತಿರ ಹೋಯಿತು, ತಾನೂ ಹೋದೆ.

"ಕಂಬದ ಹತ್ರ ಏನ್ ಮಾಡ್ದೆ?"

"ಅದು ಮಾಡಿದ್ದೇ ಮಾಡ್ದೆ ಅವ್ವ."

ದುರುಗವ್ವ ಇನ್ನೊಂದು ಚೊಂಬು ನೀರು ತಲೆಯ ಮೇಲೆ ಹೊಯ್ದಳು.

ಆಮೇಲೆ ಬೂದ ಒಂದು ಬೇಲಿಯ ತಂತಿಯ ಕೆಳಗೆ ನುಗ್ಗಿತಂತೆ. ಇವನೂ ನುಗ್ಗಿದ. ಒಳಗೆ ಒಂದು ಪಾರ್ಕು. ಅಲ್ಲೊಂದು ಕಲ್ಲುಬೆಂಚು. ಬೂದ ಅದರ ಮುಂದೆ ಕೂತು ಬಾಲ ಆಡಿಸಿತು. ಇವನೂ ಪಕ್ಕದಲ್ಲಿ ನೆಲಕ್ಕೆ ಕೂತ.

"ಬೂದ ಬೆಂಚಿನ ಕಡೆ ನೋಡ್ತಿತ್ತು. ನಾನೂ ನೋಡ್ದೆ. ಮೊದಲು ಏನೂ ಕಾಣ್ಲಿಲ್ಲ. ನೀನು ಹೇಳಿದ್ಯಲ್ಲ ಅವ್ವ, ಅದಕ್ಕೆ ನೋಡ್ತಾನೇ ಇದ್ದೆ. ಆಮೇಲೆ ಕಂಡ್ರು."

ಯಾರು ಎಂದು ಕೇಳಿದಳು. ಯಾರೋ ಹಿರಿಯರು, ಬಿಳಿ ಬಟ್ಟೆ ಹೊದ್ದಿದ್ದರು ಎಂದ. ಹಲ್ಲುನೋವಿರಬೇಕು ಪಾಪ, ಗದ್ದದಿಂದ ನೆತ್ತಿಯವರೆಗೆ ಒಂದು ಬಟ್ಟೆ ಕಟ್ಟಿಕೊಂಡಿದ್ದರು. ತಾನು ದೋಸೆ ತಿನ್ನುವಷ್ಟು ಹೊತ್ತೂ ತನ್ನ ಬಾಯಿಯನ್ನೇ ನೋಡುತ್ತಿದ್ದರು.

ಸಂಜೆಯ ಮಬ್ಬು, ಯಾರೋ ಮುದುಕರು ಗಾಳಿಗೆ ಬಂದು ಕೂತಿದ್ದಾರೆ. ದುರುಗವ್ವ ಹಾಗೆ ತಿಳಿದಳು. ಯಾರಾದರೂ ಹಾಗೇ ತಿಳಿಯುತ್ತಾರೆ. ಅವಳಿಗೆ ನಾಚಿಕೆಯಾದದ್ದು ಬೇರೆ ವಿಷಯಕ್ಕೆ.

"ಹಿರೇರನ್ನ ಎದುರಿಗೆ ಕೂರಿಸ್ಕೊಂಡು ನೀನೊಬ್ಬನೇ ತಿಂದ್ಯೇನೋ? ನಾಯಿನೂ ಹಂಗೆ ಮಾಡಲ್ಲ. ನಮ್ಮ ಮನೆ ಮರ್ಯಾದೆ ಏನಾಯ್ತು? ಎದುರಿಗೆ ಇದ್ದೋರನ್ನ ಕರೀಬೇಕು. ಬರ್ರಿ, ತಗೋರಿ ಅನ್ನಬೇಕು. ಅನ್ನದೆ ಒಂದು ಕಾಳು ಬಾಯಿಗೆ ಇಡಬೇಡ."

ಆಯ್ತವ್ವ ಎಂದ.

ಮಾರನೆಯ ದಿನ ಮೆಣಸಿನಕಾಯಿ ಬಜ್ಜಿ. ಅವನು ಏನು ಮಾಡಿದ ಎನ್ನುವುದು ಅವನಿಗಿಂತ ಮೊದಲು ಓಣಿಗೆ ಬಂದು ತಲುಪಿತು. ಬಜ್ಜಿ ಅಂಗಡಿಯ ಮುಂದೆ ನಿಂತು, ಬಜ್ಜಿ ಕರಿಯುತ್ತಿದ್ದವಳನ್ನೇ ಬಜ್ಜಿಗೆ ಕರೆದನಂತೆ. ಸ್ಕೂಟರಿನಲ್ಲಿ ಹೋಗುತ್ತಿದ್ದವರನ್ನು ಕೈ ಅಡ್ಡ ಹಿಡಿದು ಕರೆದ. ಈಗಷ್ಟೇ ಊಟ ಆಯ್ತಪ್ಪ, ಬೇಡಪ್ಪ, ನೀನು ತಿನ್ನಪ್ಪ ಎಂದು ಪ್ರತಿಯೊಬ್ಬರೂ ಎಲ್ಲರೂ ಹೇಳುವುದನ್ನೇ ಹೇಳಿ ಹೋದರು. ಅಲ್ಲಿನ ಪಾರ್ಕಿನಲ್ಲಿ ಬಾಯಿ ತೆರೆದು ನಿಂತ ಸಿಮೆಂಟಿನ ಮೊಲವಿದೆ, ಕಸ ಹಾಕುವುದಕ್ಕೆ ಮಾಡಿಸಿದ್ದು. ಅದನ್ನೂ ಕರೆದ. ಅದು ಬೇಡ ಎನ್ನಲಿಲ್ಲ. ಒಂದು ಬಜ್ಜಿ ಅದರ ಬಾಯಿಗೆ ಹೋಯಿತು.

"ಉಳಿದದ್ದು?" ಎಂದಳು ದುರುಗವ್ವ. ಅವನ ಕೈಯಲ್ಲಿ ಖಾಲಿ ಕಾಗದವಿತ್ತು. ಎಣ್ಣೆಯ ಪಸೆ ಕೂಡ ಇರಲಿಲ್ಲ, ಒಗೆದು ಒಣಗಿಸಿದ ಹಾಗಿತ್ತು.

ಉಳಿದದ್ದು ಹಲ್ಲುನೋವಿನ ಹಿರಿಯರು ತಿಂದರಂತೆ. ಕರೆದ ಕೂಡಲೇ ಕೈ ಚಾಚಿದರು. ಗದ್ದದ ಬಟ್ಟೆ ಬಿಚ್ಚಿಕೊಂಡು ತಿಂದರು. ತಿಂದ ಮೇಲೆ ಬಾಯಿ ಮುಚ್ಚಿಕೊಳ್ಳಲು ಬರಲಿಲ್ಲ, ಹಾಗೇ ತೆರೆದುಕೊಂಡಿತು. ಪಾಪ ಎನ್ನಿಸಿ ತಾನೇ ಗದ್ದ ಮೇಲೆತ್ತಿ ಬಟ್ಟೆ ಕಟ್ಟಿದೆ.

"ಕೆನ್ನೆ ಭಾಳ ತಣ್ಣಗಿತ್ತು ಅವ್ವ."

ವಯಸ್ಸಾದ ಮೇಲೆ ರಕ್ತ ಓಡಲ್ಲ ಕಣೋ ಎಂದಳು. ಪಾರ್ಶ್ವವಾಯು ಆಗಿರಬೇಕು, ನೋಡಿಕೊಳ್ಳುವವರು ಇಲ್ಲವೇನೋ ಎಂದು ಮರುಗಿದಳು. ಅದಿರಲಿ, ಅವನಿಗೆ ಬುದ್ಧಿ ಹೇಳಬೇಕಿತ್ತು. ಕರೆಯುವುದು ಮರ್ಯಾದೆಗೆ. ಅವರು ಬೇಡ ಅನ್ನುವುದೂ ಮರ್ಯಾದೆಗೆ. ಯಾರೂ ನಿಜವಾಗಿ ತಿನ್ನುವುದಿಲ್ಲ. ತಿಂದರೆ ಅವರಿಗೇ ರೀತಿ ಗೊತ್ತಿಲ್ಲ ಎಂದರ್ಥ. ತಿಪ್ಪೇಶಿ ಕಣ್ಣು ಬಿಟ್ಟುಕೊಂಡು ಕೇಳಿದ. ಏನೂ ಒಳಗೆ ಹೋಗಲಿಲ್ಲ ಎಂಬುದು ಅವಳಿಗೆ ಕಂಡಿತು. ಆಗ ಅವನ ಮೇಲೆ ಒಂದಿಷ್ಟು ಕರುಣೆ ಬಂದು, "ಬಟ್ಟೆ ಕಟ್ಟಿದ್ದು ಮಾತ್ರ ಚಲೋ ಮಾಡ್ದೆ. ಹಿರೇರಿಗೆ ಕೈಲಾದ್ದು ಮಾಡಬೇಕು" ಎಂದಳು.

ಅವನ ಜನ್ಮದಲ್ಲಿ ಚಲೋ ಮಾಡ್ದೆ ಎಂದು ಯಾರೂ ಅಂದಿರಲಿಲ್ಲ. ರಾತ್ರಿ ಮಲಗುವವರೆಗೂ ನಗುತ್ತಿದ್ದ.

ಮಲಗುವ ಮುಂಚೆ ಅವಳಿಗೆ ಇನ್ನೊಂದು ನೆನಪಾಯಿತು. ಹೊರಡುವಾಗ ಅವರಿಗೆ ಹೇಳಿ ಬಂದೆಯಾ ಎಂದು ಕೇಳಿದಳು. ಹೇಳಿ ಬಂದೆ, ಹೋಗ್ತೀನಿ ಅಂದೆ ಎಂದ.

ದುರುಗವ್ವ ಹಾಸಿಗೆಯ ಮೇಲೆ ಎದ್ದು ಕೂತಳು. "ಹೋಗ್ತೀನಿ ಅನ್ನಬಾರ್ದು ಕಣೋ. ಹೋಗೋರು ಅಂದ್ರೆ ಸತ್ತೋರು. ಬದುಕಿದೋರು ಬರ್ತೀನಿ ಅನ್ನಬೇಕು. ಯಾರ ಹತ್ರ ಹೊರಟ್ರೂ ಬರ್ತೀನಿ ಅನ್ನು. ಇದೊಂದು ಮರೀಬೇಡ."

ಅವನು ಮರೆಯುವವನಲ್ಲ. ಅದೇ ಅವನ ದೋಷ.

ಮರುದಿನ ಸಂಜೆ ಅವನು ಬರಲಿಲ್ಲ. ಓಣಿಯಲ್ಲಿ ದೀಪ ಹತ್ತಿದವು. ದುರುಗವ್ವ ಬಾಗಿಲಿಗೆ ಬಂದಳು, ಒಳಗೆ ಹೋದಳು, ಮತ್ತೆ ಬಂದಳು. ಮೊಣಕಾಲಿನ ನೋವು ಮರೆತಿತ್ತು. ಕೊನೆಗೆ ಇಬ್ಬರೂ ಬಂದರು, ಮಗ ಮತ್ತು ನಾಯಿ. ಇಷ್ಟು ಹೊತ್ತು ಎಲ್ಲಿ ಸತ್ತಿದ್ದೆ ಎಂದಳು.

ಮಸ್ತಾನ್ ಸಾಬರ ಅಂಗಡಿಯಲ್ಲಿ ಮಂಡಕ್ಕಿ ತೆಗೆದುಕೊಂಡು, ಹೊರಡುವಾಗ ಬರ್ತೀನಿ ಎಂದನಂತೆ. ನಾಲ್ಕು ಹೆಜ್ಜೆ ಹೋದ. ಬರ್ತೀನಿ ಎಂದಿದ್ದೇನಲ್ಲ ಎಂದು ವಾಪಸ್ ಬಂದ. ಏನಪ್ಪಾ ಎಂದರು ಅವರು. ಏನಿಲ್ಲ, ಬರ್ತೀನಿ ಎಂದ. ಮತ್ತೆ ಬಂದ. ಹೀಗೆ ಹೋಗುವುದು ಬರುವುದು ನಡೆಯುತ್ತಲೇ ಇತ್ತು. ಗಿರಾಕಿಗಳು ನಕ್ಕರು. ಮೊದಮೊದಲು ಸಾಬರೂ ನಕ್ಕರು. ಆಮೇಲೆ ಸಟ್ಟುಗ ತೆಗೆದುಕೊಂಡು ಎದ್ದರು, ಅವನು ಓಡಿದ. ಓಡುತ್ತಾ ಬರ್ತೀನಿ ಎಂದು ಕೂಗಲು ಮಾತ್ರ ಮರೆಯಲಿಲ್ಲ.

ದುರುಗವ್ವನಿಗೆ ಸಿಟ್ಟಿನಲ್ಲೂ ನಗು ಬಂತು. ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. "ಆಮೇಲೆ?"

"ಆಮೇಲೆ ಹಿರೇರ ಹತ್ರ ಹೋದೆ. ಮಂಡಕ್ಕಿ ತಿಂದ್ರು. ಹೊರಡೋವಾಗ ಬರ್ತೀನಿ ಅಂದೆ. ಯಾವಾಗ ಅಂತ ಕೇಳಿದ್ರು."

ಅವಳ ನಗು ಇನ್ನೂ ಪೂರ್ತಿ ನಿಂತಿರಲಿಲ್ಲ. ಬರ್ತೀನಿ ಎಂದವರನ್ನು ಯಾವಾಗ ಎಂದು ಕೇಳುವ ಮನುಷ್ಯನನ್ನು ಅವಳು ಇದುವರೆಗೆ ಕಂಡಿರಲಿಲ್ಲ, ತನ್ನ ಮಗನೊಬ್ಬನನ್ನು ಬಿಟ್ಟು.

"ಎಲ್ಲಿಗೆ ಬರೋದು ಅಂದೆ. ಅವರ ಮನೆಗಂತೆ. ಮನೆ ಅಲ್ಲೇ, ಬೆಂಚಿನ ಕೆಳಗೇ ಅಂತೆ. ನಾಳೆ ಬರ್ತೀನಿ ಅಂದೆ. ಉಳಿಯೋ ಹಂಗೆ ಬಾ ಅಂದ್ರು. ಪಕ್ಕದಲ್ಲಿ ಜಾಗ ಇದೆಯಂತೆ ಅವ್ವ."

ಯಾವ ಪಾರ್ಕು ಎಂದು ಅವಳು ಆಗ ಕೇಳಿದಳು. ಮೊದಲ ದಿನವೇ ಕೇಳಬೇಕಿತ್ತು. ಬೀಗ ಹಾಕಿರೋದು, ಮುಚ್ಚಿದ ಮಿಲ್ಲಿನ ಹಿಂದಿಂದು ಎಂದ.

ಆ ಪಾರ್ಕು ಪಾರ್ಕಾಗುವ ಮುಂಚೆ ಮಣ್ಣು ಮಾಡುವ ಜಾಗವಾಗಿತ್ತು. ಊರು ಬೆಳೆಯಿತು, ಜಾಗ ಬೇಕಾಯಿತು, ಯಾವನೋ ಗುತ್ತಿಗೆದಾರ ಮಣ್ಣು ಹೊಡೆಸಿ ಹುಲ್ಲು ಹಾಕಿ ಎರಡು ಜೋಕಾಲಿ ನಿಲ್ಲಿಸಿದ. ಹಳೆಯ ಗೋರಿಗಳ ಚಪ್ಪಡಿ ಒಳ್ಳೆಯ ಕಲ್ಲಾಗಿದ್ದವು, ದಂಡ ಯಾಕೆ ಎಂದು ಬೆಂಚು ಮಾಡಿಸಿದ. ಜನ ಬರಲಿಲ್ಲ. ದೆವ್ವಕ್ಕೆ ಹೆದರಿಯಲ್ಲ, ಸೊಳ್ಳೆಗೆ ಹೆದರಿ. ಬೀಗ ಬಿತ್ತು. ಇದರಲ್ಲಿ ವಿಶೇಷವೇನೂ ಇಲ್ಲ. ಹಾಗೆ ನೋಡಿದರೆ ಎಲ್ಲ ಊರೂ ಯಾರದೋ ಮೇಲೆಯೇ ಕೂತಿರುತ್ತದೆ.

ದುರುಗವ್ವನೂ ಹೀಗೇ ಯೋಚಿಸಿ ಮನಸ್ಸು ಗಟ್ಟಿ ಮಾಡಿಕೊಳ್ಳುತ್ತಿದ್ದಳು. ಹಾಳು ಪಾರ್ಕಿನಲ್ಲಿ ಭಿಕ್ಷುಕರು ಇರುತ್ತಾರೆ, ಮನೆ ಬಿಟ್ಟವರು ಇರುತ್ತಾರೆ. ಅಷ್ಟರಲ್ಲಿ ತಿಪ್ಪೇಶಿ, ನಾಳೆ ಅವರಿಗೆ ಮೆತ್ತಗಿನದು ಏನಾದರೂ ಕೊಟ್ಟು ಕಳಿಸು, ಎಲ್ಲಿಗೂ ಎದ್ದು ಹೋಗಲಾರರು ಪಾಪ ಎಂದ.

"ಯಾಕೆ?"

"ಕಾಲಿನ ಹೆಬ್ಬೆಟ್ಟು ಎರಡೂ ಸೇರಿಸಿ ದಾರ ಕಟ್ಟಿದಾರಲ್ಲ."

ಗಂಡ ತೀರಿಕೊಂಡ ದಿನ ಅವನ ಗದ್ದಕ್ಕೆ ಬಟ್ಟೆ ಕಟ್ಟಿದವಳು ದುರುಗವ್ವನೇ. ಹೆಬ್ಬೆಟ್ಟು ಸೇರಿಸಿ ದಾರ ಬಿಗಿದವಳೂ ಅವಳೇ. ತಿಪ್ಪೇಶಿಯನ್ನು ಆಗ ಪಕ್ಕದ ಮನೆಯಲ್ಲಿ ಕೂರಿಸಿದ್ದರು, ಅವನು ಅದೇನನ್ನೂ ನೋಡಿರಲಿಲ್ಲ. ಬದುಕಿದವರ ಕಾಲಿಗೆ ಯಾರೂ ಹಾಗೆ ಕಟ್ಟುವುದಿಲ್ಲ.

ಅಪ್ಪನಾ ಎಂದು ಕೇಳಿದಳು, ಬಹಳ ಮೆಲ್ಲಗೆ.

"ಅಲ್ಲವ್ವ. ಅಪ್ಪನ್ನ ನನಗೆ ಗೊತ್ತಾಗಲ್ವಾ? ಇವರು ಭಾಳ ಹಳಬರು."

ಮರುದಿನ ಅವಳು ಬಾಗಿಲಿಗೆ ಒಳಗಿಂದ ಚಿಲಕ ಹಾಕಿದಳು. ಹೊರಗೆ ಹೋಗುವುದು ಬೇಡ ಎಂದಳು. ಬರ್ತೀನಿ ಅಂದಿದೀನಲ್ಲ, ನೀನೇ ಹೇಳಿದ್ದು ಎಂದ ತಿಪ್ಪೇಶಿ. ಅಳಲಿಲ್ಲ, ಹಟ ಮಾಡಲಿಲ್ಲ. ಬಾಗಿಲ ಹತ್ತಿರ ಚಪ್ಪಲಿ ಹಾಕಿಕೊಂಡು ಕೂತ. ಪಕ್ಕದಲ್ಲಿ ಬೂದ ಕೂತ. ಇಬ್ಬರೂ ಬಾಗಿಲನ್ನೇ ನೋಡುತ್ತಿದ್ದರು.

ಇವತ್ತು ಚಿಲಕ ಹಾಕಬಹುದು. ನಾಳೆಯೂ ಹಾಕಬಹುದು. ತಾನು ಹೋದ ಮೇಲೆ ಚಿಲಕ ಹಾಕುವವರು ಯಾರು? ಅವತ್ತು ಇವನು ಎದ್ದು ನೆಟ್ಟಗೆ ಅಲ್ಲಿಗೇ ಹೋಗುತ್ತಾನೆ, ಕೊಟ್ಟ ಮಾತಿಗೆ. ಪಕ್ಕದಲ್ಲಿ ಮಲಗುತ್ತಾನೆ. ಹೋದವನು ಬರುವುದಿಲ್ಲ. ಇದನ್ನು ಮುಗಿಸಬೇಕಾದರೆ ತನ್ನ ಜೀವ ಇರುವಾಗಲೇ ಮುಗಿಸಬೇಕು.

ಅವಳು ಕೋಲು ತೆಗೆದುಕೊಂಡಳು. ಮಗನನ್ನು ಎದುರಿಗೆ ನಿಲ್ಲಿಸಿ ನಿಧಾನವಾಗಿ ಹೇಳಿದಳು. ಮಾತಾಡುವವಳು ತಾನು. ಅವರು ಅವನನ್ನು ಏನೇ ಕೇಳಿದರೂ ನಮ್ಮವ್ವನ್ನ ಕೇಳ್ರಿ ಅನ್ನಬೇಕು, ಬೇರೆ ಒಂದು ಮಾತಾಡಕೂಡದು. ಹೊರಡುವಾಗ ಬರ್ತೀನಿ ಅನ್ನಕೂಡದು. ಹೋಗ್ತೀನಿ ಅನ್ನಬೇಕು.

"ಹೋಗೋರು ಸತ್ತೋರು ಅಂದಿದ್ದೆ."

"ಇವತ್ತೊಂದಿನ ಅನ್ನು ಮಗನೆ."

ಆಯ್ತವ್ವ ಎಂದ.

ದಾರಿಯಲ್ಲಿ ಮಸ್ತಾನ್ ಸಾಬರ ಅಂಗಡಿ. ಇವರನ್ನು ಕಂಡು ಅವರು ಮೊದಲು ಸಟ್ಟುಗ ಮುಟ್ಟಿ ನೋಡಿಕೊಂಡರು. ಆಮೇಲೆ ದುರುಗವ್ವನ ಗಂಡನನ್ನು ನೆನೆದು, ಅವರು ಪುಣ್ಯಾತ್ಮ, ಕೊತ್ತಂಬರಿ ಜಾಸ್ತಿ ಹಾಕಿಸುತ್ತಿದ್ದರು ಎಂದರು. ಅವಳು ಮಿಲ್ಲಿನ ಹಿಂದಿನ ಪಾರ್ಕಿನಲ್ಲಿ ಯಾರಿರುತ್ತಾರೆ ಎಂದು ಕೇಳಿದಳು.

"ಅಲ್ಲಿ ಯಾರಿರ್ತಾರಮ್ಮ? ಗೇಟಿಗೆ ಬೀಗ ಬಿದ್ದು ನನ್ನ ಗಡ್ಡ ಬೆಳ್ಳಗಾಯ್ತು. ಬೀದಿನಾಯಿನೂ ಒಳಗೆ ಹೋಗಲ್ಲ. ನಿಮ್ಮದೊಂದೇ ಹೋಗೋದು."

ಒಂದು ಪೊಟ್ಟಣ ಕಟ್ಟಿಸಿಕೊಂಡಳು. ಖಾರ ಬೇಡ, ಹಲ್ಲುನೋವಿನವರಿಗೆ ಎಂದು ತಿಪ್ಪೇಶಿ ಹೇಳಿದ. ಅವಳು ಅವನ ಬಾಯಿ ಮುಚ್ಚಿಸಲಿಲ್ಲ.

ತಂತಿಯ ಕೆಳಗೆ ನುಗ್ಗುವುದು ಆ ಮೊಣಕಾಲಿಗೆ ಸುಲಭದ ಕೆಲಸವಲ್ಲ. ತಿಪ್ಪೇಶಿ ತಂತಿ ಎತ್ತಿ ಹಿಡಿದ, ಅವಳು ತೆವಳಿ ದಾಟಿದಳು. ಒಳಗೆ ಮೊಣಕಾಲೆತ್ತರದ ಹುಲ್ಲು, ತುಕ್ಕು ಹಿಡಿದ ಜೋಕಾಲಿಯ ಸರಪಳಿ. ಹಕ್ಕಿಗಳ ಸದ್ದಿರಲಿಲ್ಲ. ಸಂಜೆ ಹೊತ್ತು ಹಕ್ಕಿ ಇರದ ಮರ ಅವಳು ನೋಡಿರಲಿಲ್ಲ. ಆದರೆ ಗಮನಿಸಿಯೂ ಇರಲಿಲ್ಲ ಅನ್ನಿ.

ಬೆಂಚು ಬೆಂಚಿನ ಹಾಗೇ ಇತ್ತು. ಖಾಲಿ. ಕೆಳಗೆ ಹಿಂದಿನ ದಿನದ ಮಂಡಕ್ಕಿಯ ಕಾಗದ, ತೊಳೆದಷ್ಟು ಸ್ವಚ್ಛ. ಇಲಿ ಇರಬಹುದು, ಅಳಿಲಿರಬಹುದು. ಬೂದ ಅದರ ಮುಂದೆ ಕೂತು ಬಾಲ ಆಡಿಸಿದ. ತಿಪ್ಪೇಶಿ ಕೈ ಮುಗಿದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ.

ದುರುಗವ್ವ ಪೊಟ್ಟಣವನ್ನು ಬೆಂಚಿನ ಮೇಲಿಟ್ಟಳು. ಕಲ್ಲಿಗೆ ಮಾತಾಡುವುದಕ್ಕೆ ಮೊದಲು ನಾಚಿಕೆಯಾಯಿತು. ಆಮೇಲೆ ಮಗನ ಮುಖ ನೋಡಿದಳು. ಅವನು ಯಾರದೋ ಮುಖ ನೋಡುತ್ತಿದ್ದ.

"ಯಜಮಾನ್ರೇ. ನನ್ನ ಮಗನಿಗೆ ಬುದ್ಧಿ ಕಮ್ಮಿ. ಅವನು ಬರ್ತೀನಿ ಅಂದಿದ್ದು ಮಾತಿಗೆ. ಹಂಗೆ ಎಲ್ಲಾರೂ ಅಂತಾರೆ. ಅವನು ಬರಲ್ಲ. ಇವತ್ತೂ ಬರಲ್ಲ, ನಾನು ಸತ್ತ ಮೇಲೂ ಬರಲ್ಲ. ನೀವು ಕರೀಬೇಡ್ರಿ. ಇದು ಕೊನೇ ಪೊಟ್ಟಣ."

ಜೋಕಾಲಿಯ ಸರಪಳಿ ಸ್ವಲ್ಪ ಅಲುಗಿತು. ಗಾಳಿ ಇತ್ತೋ ಇಲ್ಲವೋ ಅವಳಿಗೆ ತಿಳಿಯಲಿಲ್ಲ.

"ಮಾತಿಗೆ ಅನ್ನೋದು ಅಂದ್ರೇನು ಅಂತ ಕೇಳ್ತಾರೆ" ಎಂದ ತಿಪ್ಪೇಶಿ. "ನಮ್ಮವ್ವನ್ನ ಕೇಳ್ರಿ ಅಂದೆ."

ಆಡಿದ ಮಾತನ್ನು ಆಡಿದ ಹಾಗೇ ಹಿಡಿಯುವವರು ಲೋಕದಲ್ಲಿ ಇಬ್ಬರೇ. ಒಬ್ಬ ಅವಳ ಮಗ. ಇನ್ನೊಬ್ಬರು ಈ ಬೆಂಚಿನ ಮೇಲೆ, ಇದ್ದರೆ. ಬದುಕಿದವರು ಮನಸ್ಸಿನಲ್ಲಿ ಇಲ್ಲದ್ದನ್ನೂ ಮರ್ಯಾದೆಗೆ ಹೇಳುತ್ತಾರೆ, ಕೇಳಿದವರೂ ಅದನ್ನು ಅಲ್ಲಿಗೇ ಬಿಡುತ್ತಾರೆ, ಹೀಗೆ ದಿನ ಕಳೆಯುತ್ತದೆ ಎಂದು ತಡವರಿಸಿ ವಿವರಿಸಿದಳು. ಇವನಿಗೆ ಅದು ತಿಳಿಯುವುದಿಲ್ಲ, ತಿಳಿಯದವನ ಮಾತನ್ನು ದಯವಿಟ್ಟು ಹಿಡಿಯಬಾರದು ಎಂದು ಬೇಡಿಕೊಂಡಳು. ಹೇಳುತ್ತಾ ಹೇಳುತ್ತಾ ಕೈ ಮುಗಿದಿದ್ದಳು.

ತಿಪ್ಪೇಶಿ ಬಹಳ ಹೊತ್ತು ಬೆಂಚಿನ ಕಡೆ ಕಿವಿಕೊಟ್ಟ. ನಡುವೆ ಒಮ್ಮೆ ನಮ್ಮವ್ವನ್ನ ಕೇಳ್ರಿ ಎಂದ. ಆಮೇಲೆ ಏನೋ ಎತ್ತಿಕೊಡುವವನ ಹಾಗೆ ಬೆಂಚಿನ ಬುಡಕ್ಕೆ ಬಗ್ಗಿ ಸ್ವಲ್ಪ ಹೊತ್ತು ಕೈಯಾಡಿಸಿ ಎದ್ದ. ಅವಳು ಕಣ್ಣು ಮುಚ್ಚಿದ್ದಳು, ನೋಡಲಿಲ್ಲ.

"ಆಗ್ಲಿ ಅಂದ್ರು ಅವ್ವ. ಪೆದ್ದನ ಮಾತು ಹಿಡಿಯಲ್ವಂತೆ. ತಿಳಿದೋರ ಮಾತು ಮಾತ್ರ ಹಿಡೀತಾರಂತೆ."

ದುರುಗವ್ವನ ಎದೆಯ ಮೇಲಿಂದ ಒಂದು ಚಪ್ಪಡಿ ಎತ್ತಿದ ಹಾಗಾಯಿತು. ಕಣ್ಣಲ್ಲಿ ನೀರು ಬಂತು. ಮುಗಿಯಿತು. ಇನ್ನು ಇವನು ಹೋದರೂ ಬರುತ್ತಾನೆ. ಹೊರಡು, ಹೇಳು ಎಂದು ಮಗನಿಗೆ ಸನ್ನೆ ಮಾಡಿದಳು.

"ಹೋಗ್ತೀನಿ" ಎಂದ ತಿಪ್ಪೇಶಿ. ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಮ್ಮಿಯಿಲ್ಲ. ಹುಟ್ಟಿದಾಗಿನಿಂದ ಅವನು ಹೇಳಿದ ಕೆಲಸವನ್ನು ಸರಿಯಾಗಿ ಮಾಡಿದ್ದು ಇದೇ ಮೊದಲು. ದುರುಗವ್ವನ ಮನಸ್ಸು ತುಂಬಿತು. ಕೋಲೂರಿ ಎದ್ದಳು, ಸೆರಗು ಹೊದ್ದುಕೊಂಡಳು, ಹುಟ್ಟಿದಾಗಿನಿಂದ ಎಲ್ಲ ಮನೆಯ ಹೊಸ್ತಿಲಲ್ಲಿ ಹೇಳಿಕೊಂಡು ಬಂದದ್ದನ್ನು ಹೇಳಿದಳು.

"ಬರ್ತೀವ್ರೀ ಹಂಗಾದ್ರೆ."

ಹೇಳಿದ್ದು ಅವಳ ಗಮನಕ್ಕೇ ಬರಲಿಲ್ಲ. ಹುಲ್ಲು ಸರಿಸುತ್ತಾ ನಡೆದಳು. ಬೇಲಿಯ ಹತ್ತಿರ ಬಂದಾಗ ತಿಪ್ಪೇಶಿ ಹಿಂದೆ ತಿರುಗಿ ನೋಡಿ, ಅವಳ ಸೆರಗು ಎಳೆದ.

"ಯಾವಾಗ ಅಂತ ಕೇಳ್ತಿದಾರೆ."

"ಏನು ಯಾವಾಗ?"

"ಬರ್ತೀವಿ ಅಂದ್ಯಲ್ಲ. ಉಳಿಯೋ ಹಂಗೆ ಬರ್ತೀರೋ ಅಂತ ಕೇಳಿದ್ರು. ನಮ್ಮವ್ವನ್ನ ಕೇಳ್ರಿ ಅಂದೆ."

ದುರುಗವ್ವ ನಿಂತಳು. ತಿರುಗಿ ನೋಡುವ ಧೈರ್ಯ ಬರಲಿಲ್ಲ. ಆಮೇಲೆ ಒಂದು ವಿಷಯ ನೆನಪಾಯಿತು, ಅದನ್ನೇ ಗಟ್ಟಿಯಾಗಿ ಹಿಡಿದುಕೊಂಡಳು. ಬೇಗ ನಡಿ ಎಂದಳು. ಅವರು ಕೇಳುವುದಿದ್ದರೆ ಅಲ್ಲೇ ಕೂತು ಕೇಳಲಿ, ಹಿಂದೆ ಬರಲು ಆಗುವುದಿಲ್ಲ, ಅವರ ಕಾಲು ಕಟ್ಟಿದೆ.

"ಈಗಿಲ್ಲವ್ವ" ಎಂದ ತಿಪ್ಪೇಶಿ.

ಅವನು ಅಂಗೈ ಬಿಚ್ಚಿದ. ಮಣ್ಣುಬಣ್ಣದ ಒಂದು ದಾರ, ಮುಟ್ಟಿದರೆ ಪುಡಿಯಾಗುವಷ್ಟು ಹಳೆಯದು, ಇನ್ನೂ ಉಂಗುರದ ಹಾಗೆ ಸುತ್ತಿಕೊಂಡಿತ್ತು. ದಾರ ಎಲ್ಲಿ ಬೇಕಾದರೂ ಬಿದ್ದಿರುತ್ತದೆ. ಪಾರ್ಕಿನಲ್ಲಂತೂ ಗಾಳಿಪಟದ್ದು, ಹೂವಿನದು, ಬೇಕಾದಷ್ಟು ಸಿಗುತ್ತದೆ.

"ನೀನು ಕಣ್ಣು ಮುಚ್ಚಿದ್ಯಲ್ಲ, ಆಗ ಬಿಚ್ಚಿಕೊಟ್ಟೆ. ಹಿರೇರಿಗೆ ಕೈಲಾದ್ದು ಮಾಡಬೇಕು ಅಂದಿದ್ದೆ." ಅವನ ಮುಖ ಅರಳಿತ್ತು. ಚಲೋ ಮಾಡ್ದೆ ಎನ್ನುವುದನ್ನು ಕಾಯುತ್ತಿದ್ದ.

ಬೂದ ಈಗ ಬೆಂಚಿನ ಕಡೆ ನೋಡುತ್ತಿರಲಿಲ್ಲ. ದುರುಗವ್ವನ ಹೆಗಲಿನ ಹತ್ತಿರ ನೋಡುತ್ತಿದ್ದ, ಸ್ವಲ್ಪ ಮೇಲಕ್ಕೆ. ಬಾಲ ಆಡುತ್ತಿತ್ತು.

ತಿಪ್ಪೇಶಿ ಬೇಲಿಯ ತಂತಿಯನ್ನು ಎತ್ತಿ ಹಿಡಿದ. ಅವ್ವ ತೆವಳಿ ದಾಟಿದಳು. ನಾಯಿ ದಾಟಿತು. ಅವನು ತಂತಿ ಬಿಡಲಿಲ್ಲ. ಇನ್ನೊಬ್ಬರು, ಬಹಳ ನಿಧಾನವಾಗಿ ನಡೆಯುವ ಒಬ್ಬರು, ದಾಟುವಷ್ಟು ಹೊತ್ತು ಅದನ್ನು ಹಾಗೇ ಎತ್ತಿ ಹಿಡಿದು ನಿಂತಿದ್ದ.